ಬಿರುಕಿನ ಮೇಲೆ ಗಾಜಿನ ಪಟ್ಟಿ

ಹಸಿ ಸಿಮೆಂಟಿನ ವಾಸನೆ ಇನ್ನೂ ಮನೆಯೊಳಗೇ ಇದೆ. ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿನಲ್ಲಿ ಅಡುಗೆಮನೆಯ ಗೋಡೆ ಬಿರಿದಿತ್ತು. ಬೆಳಿಗ್ಗೆ ಒಬ್ಬ ಬಂದು ಮೆತ್ತಿ ಹೋದ. ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ಎಂದು ನೋಡಲೇ ಇಲ್ಲ. ಮೇಸ್ತ್ರಿ ಕಾಕಾ ಇದ್ದಿದ್ದರೆ ಬೈಯುತ್ತಿದ್ದರು...

ಮೊದಲು ನಾವು ಲಿಂಗಂಪಲ್ಲಿಯಲ್ಲಿದ್ದಾಗ ನಮ್ಮ ಪಕ್ಕದ ಶೆಡ್ಡು ಅವರದು. ನಮ್ಮಂತೆಯೇ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅವರ ಕೈಕೆಳಗೆ ಸಿಮೆಂಟು ಹೊತ್ತೇ ಅವ್ವ ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಹೇಳಿಕೊಳ್ಳಲು ಸಂಕೋಚವಿಲ್ಲ. ಆ ಶೆಡ್ಡುಗಳ ಸಾಲಿನಲ್ಲಿ ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ನನ್ನ ಕೈಗೇ ಬರುತ್ತಿತ್ತು.

ಕಾಕಾನ ರಿಪೋರ್ಟೂ ಹಾಗೇ ಬಂತು. ಕಿಡ್ನಿಯಲ್ಲಿ ಕಲ್ಲಿದೆಯೇ ಎಂದು ಸ್ಕ್ಯಾನ್ ಮಾಡಿಸಿದರೆ ಬೇರೆಯದೇ ಸಿಕ್ಕಿತ್ತು. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಒಂದು ಕಡೆ ಉಬ್ಬಿ ನಾಲ್ಕು ಪಾಯಿಂಟ್ ನಾಲ್ಕು ಸೆಂಟಿಮೀಟರ್ ಆಗಿತ್ತು. ಈಗಲೇ ಆಪರೇಶನ್ ಬೇಡ, ಬೀಡಿ ಬಿಡಿ, ವರ್ಷಕ್ಕೊಮ್ಮೆ ಅಳತೆ ನೋಡೋಣ, ಐದೂವರೆಗೆ ಬಂದರೆ ಯೋಚಿಸೋಣ ಎಂದರು ಡಾಕ್ಟರು. ನೋವಿರುವುದಿಲ್ಲ, ಆದರೆ ಒಡೆದರೆ ಉಳಿಯುವುದು ಕಷ್ಟ ಎಂದೂ ಹೇಳಿದರು.

ಕಾಕಾ ಹೆದರಲಿಲ್ಲ. "ಇದು ನಮ್ಮ ಗಾಜಿನ ಪಟ್ಟಿ ಇದ್ದಂಗ ಐತಲ್ಲಬೇ!" ಎಂದು ನಕ್ಕರು.

ಗೋಡೆ ಬಿರಿದರೆ ಅವರು ತಕ್ಷಣ ಮುಚ್ಚುತ್ತಿರಲಿಲ್ಲ. ಬಿರುಕಿಗೆ ಅಡ್ಡಲಾಗಿ ಸಣ್ಣ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಲ್ಲಿ ಕೂರಿಸಿ, ಪಕ್ಕಕ್ಕೆ ಪೆನ್ಸಿಲಿನಿಂದ ತಾರೀಖು ಬರೆಯುತ್ತಿದ್ದರು. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಎರಡು ಮಳೆಗಾಲ ಗಾಜು ಉಳಿದರೆ ಬಿರುಕು ಸತ್ತಂತೆ. ಆಮೇಲೆ ಅವರು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಮುಂದಿನ ವರ್ಷ ಅಳತೆ ಅಷ್ಟೇ ಇತ್ತು. ಅದರ ಮುಂದಿನ ವರ್ಷ ಒಂದು ಮಿಲಿಮೀಟರ್ ಹೆಚ್ಚು. ಈ ಸಲ ಆರು ತಿಂಗಳಿಗೇ ಬನ್ನಿ ಎಂದು ರಿಪೋರ್ಟಿನ ಕೊನೆಯ ಸಾಲಿನಲ್ಲಿತ್ತು. ಓದಿ ಹೇಳಿದೆ.

"ಎರಡ್ ಮಳಿ ಆತು. ಸತ್ತೈತಿ ಬಿಡು."

"ಲಗೂನ ಬಾ ಅಂದಾರ್ರಿ ಕಾಕಾ."

"ಡಾಕ್ಟರ್ ಎಂದಾರ ಗ್ವಾಡಿ ಕಟ್ಯಾನೇನು? ನೀ ಡಿಗ್ರಿ ಮಾಡಾಕಿ, ನೀನ ಹೇಳು. ಒಂದ್ ಮಿಲಿಮೀಟರಿಗೆ ಬೆಳದೈತಿ ಅಂತಾರೇನು?"

"ಅಷ್ಟೇನಿಲ್ಲ ಬಿಡ್ರಿ" ಎಂದೆ. ಕಾಕಾ ಬೀಡಿ ಹಚ್ಚಿದರು. ಡಿಗ್ರಿ ಮಾಡಿದವಳೇ ಹೇಳಿದಳೆಂದು ಶೆಡ್ಡುಗಳ ಸಾಲಿನವರಿಗೆಲ್ಲ ಹೇಳಿಕೊಂಡು ಬಂದರು. ನನಗೆ ಹೆಮ್ಮೆಯಾಯಿತು...

ಆಮೇಲೆ ನಾನು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಮೂರು ವರ್ಷ ಆ ಸ್ಕ್ಯಾನಿನ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಒಂದು ಮಧ್ಯಾಹ್ನ ಅವ್ವನ ಫೋನು. ಕಾಕಾ ಬೆನ್ನು ನೋವೆಂದು ಇಟ್ಟಿಗೆಯ ಮೇಲೆ ಕೂತವರು ಏಳಲೇ ಇಲ್ಲವಂತೆ. ನಾನು ಬಸ್ಸಿಳಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ...

ರಕ್ತನಾಳ ಆರು ಸೆಂಟಿಮೀಟರ್ ದಾಟಿ ಒಡೆದಿತ್ತು ಎಂದರು ಅಲ್ಲಿನ ಡಾಕ್ಟರಮ್ಮ. ಇದು ಒಂದೇ ಸಮನೆ ಬೆಳೆಯುವುದಿಲ್ಲ, ಎಷ್ಟೋ ದಿನ ಸುಮ್ಮನಿದ್ದು ಮತ್ತೆ ಹಿಗ್ಗುತ್ತದೆ, ದೊಡ್ಡದಾದಷ್ಟೂ ಬೇಗ ಹಿಗ್ಗುತ್ತದೆ, ಬೀಡಿ ಸೇದುವವರಿಗಂತೂ ಇನ್ನೂ ಬೇಗ ಎಂದರು. ಯಾಕೆ ಕರೆತರಲಿಲ್ಲ ಎಂದು ಕೇಳಿದರು.

ಕಾಗದಗಳು ಈಗಲೂ ನನ್ನ ಕೈಗೇ ಬರುತ್ತವೆ. ಕೊನೆಯ ಸಾಲನ್ನು ಎರಡು ಸಲ ಓದಿ ಹೇಳುತ್ತೇನೆ. ಅದಕ್ಕಿಂತ ಹೆಚ್ಚಿಗೆ ಕೇಳಿದರೆ ನನಗೆ ಗೊತ್ತಿಲ್ಲ ಎನ್ನುತ್ತೇನೆ. ಹಾಗೆನ್ನಲು ಯಾವ ಕಾಲೇಜೂ ಕಲಿಸಲಿಲ್ಲ.

ಗಾಜಿನ ಪಟ್ಟಿ ಮನೆಯಲ್ಲಿಲ್ಲ. ಪೆನ್ಸಿಲು ಹುಡುಕಿ, ಹಸಿ ಸಿಮೆಂಟಿನ ಪಕ್ಕದಲ್ಲಿ ಇವತ್ತಿನ ತಾರೀಖು ಬರೆದೆ. ಎರಡು ಮಳೆಗಾಲ ಕಳೆದ ಮೇಲೂ ನೋಡುತ್ತಿರಬೇಕು.