ಟ್ರ್ಯಾಕ್ಟರಿನ ಹೊಟ್ಟೆಗೆ ಹುಲ್ಲು ಕೊಯ್ಯುವ ಯಂತ್ರ

ಶಲವಡಿಯ ಕಸ್ತೂರೆವ್ವನಿಗೆ ಯಾವ ಯಂತ್ರ ಕಂಡರೂ ಅದರ ಒಳಗೇನಿದೆ ಎಂದು ನೋಡದೆ ಸಮಾಧಾನವಿರಲಿಲ್ಲ. ಹೊಲಿಗೆ ಮಶೀನು, ರೇಡಿಯೋ, ಬಾವಿಯ ಪಂಪು, ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದ್ದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ ನಟ್ಟು ತಿರುಗಿಸುವ ಪಾನಾ ನೋಡಿ ಊರವರು ಅವಳನ್ನು ಪಾನಾ ಕಸ್ತೂರೆವ್ವ ಎಂದೇ ಕರೆಯುತ್ತಿದ್ದರು.

೧೯೮೪ರಲ್ಲಿ ಹುಬ್ಬಳ್ಳಿ ಕಡೆಯ ಹಳೆಯ ತೋಟವೊಂದು ಮಾರಾಟಕ್ಕೆ ಬಂದಾಗ, ಗಂಡ ಶಂಕ್ರಪ್ಪ ಅಲ್ಲಿಂದ ಬಹಳ ಹಳೆಯದಾದ ಒಂದು ಪುಟ್ಟ ಕೆಂಪು ಟ್ರ್ಯಾಕ್ಟರ್ ತಂದ. ಜೊತೆಗೆ ಬೋರಲು ಹಾಕಿದ ಪರಾತದಂಥ, ಅಗಲ ತಟ್ಟೆಯಂಥ ಒಂದು ಕಬ್ಬಿಣದ ಸಾಮಾನೂ ಬಂತು. ಅದು ಏನೆಂದು ಮಾರಿದವರಿಗೂ ಗೊತ್ತಿರಲಿಲ್ಲ. ದನದ ಕೊಟ್ಟಿಗೆಯ ಮೂಲೆ ಸೇರಿದ ಅದರಡಿ ಕೋಳಿಗಳು ಮೊಟ್ಟೆಯಿಡತೊಡಗಿದವು.

ಒಂದು ದಿನ ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ನೋಡಲು ಕಸ್ತೂರೆವ್ವ ಟ್ರ್ಯಾಕ್ಟರಿನ ಕೆಳಗೆ ಮಲಗಿದಳು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ, ಹೊಟ್ಟೆಯ ಕೆಳಗೆ ಎರಡು ತೂತು ಕಂಡವು. ಸುತ್ತಲೂ ತುಕ್ಕು, ತೂತಿನ ಅಂಚು ಮಾತ್ರ ನುಣುಪಾಗಿ ಸವೆದಿತ್ತು.

"ಏನ್ರಿ, ಇಲ್ಲಿ ಏನೋ ಒಂದು ಜೋತು ಬಿದ್ದಿತ್ತು ನೋಡ್ರಿ!" ಎಂದು ಗಂಡನನ್ನು ಕೂಗಿದಳು.

"ಟ್ರ್ಯಾಕ್ಟರ್ ಹೊಟ್ಟಿಗೆ ಏನ ಜೋತು ಬೀಳತೈತಿ? ಎದ್ದ ಬಾ, ಸೀರಿ ತುಂಬ ಎಣ್ಣಿ ಆತು," ಎಂದ ಶಂಕ್ರಪ್ಪ.

ಅವಳು ಎದ್ದದ್ದು ದಾರ ತರಲು. ತೂತುಗಳ ನಡುವಿನ ಅಂತರ ಅಳೆದು, ಕೊಟ್ಟಿಗೆಗೆ ಹೋಗಿ ಕೋಳಿಗಳನ್ನು ಎಬ್ಬಿಸಿ, ಆ ಸಾಮಾನಿನ ಎರಡು ಕಿವಿಗಳಿಗೆ ದಾರ ಹಿಡಿದಳು. ಸರಿಯಾಗಿ ಕೂತಿತು! ಮಗುಚಿದರೆ ಒಳಗೆ ಎರಡು ಅಲಗು; ಹುಲ್ಲು ಕೊಯ್ಯುವ ಯಂತ್ರವದು.

ಊರ ಕಮ್ಮಾರ ಬಾಷಾಸಾಬ ಅಲಗು ಮಸೆದುಕೊಟ್ಟ. ಅವನ್ನು ಒಳಗೆ ಕೂಡಿಸಿದವಳು ಕಸ್ತೂರೆವ್ವ. ಮುಂದಿನ ಗಾಲಿಯನ್ನು ಪೂರ್ತಿ ಹೊರಳಿಸಿ, ಇಬ್ಬರೂ ಯಂತ್ರವನ್ನು ಬಾಜುವಿನಿಂದ ಒಳಗೆ ಸರಿಸಿದರು. ಕೆಳಗೆ ಕಲ್ಲು ಕೊಟ್ಟು ಎತ್ತಿ, ತೂತಿಗೆ ಕಬ್ಬಿಣದ ಸಳಿ ಹಾಕಿ, ಸೀಟಿನ ಪಕ್ಕದ ಎತ್ತುವ ಹಿಡಿಕೆಗೆ ಸೇರಿಸಿ, ಹಿಟ್ಟಿನ ಗಿರಣಿಯವರು ಬಿಸಾಡಿದ್ದ ರಬ್ಬರಿನ ಪಟ್ಟಾವನ್ನು ಎಂಜಿನ್ನಿನ ಚಕ್ರದಿಂದ ಯಂತ್ರದ ಚಕ್ರಕ್ಕೆ ಬಿಗಿದರು.

ಶಾಲೆಯ ಬಯಲಲ್ಲಿ ಮೊಳಕಾಲೆತ್ತರ ಹುಲ್ಲಿತ್ತು. ನೋಡಲು ಅರ್ಧ ಊರೇ ಬಂತು. ಕಸ್ತೂರೆವ್ವನೇ ಓಡಿಸಿದಳು. ಸಪ್ಪಳವೇನೋ ಅಗದಿ ಜೋರಾಗಿತ್ತು. ಹುಲ್ಲು ಮಾತ್ರ ಬಾಗಿ, ಟ್ರ್ಯಾಕ್ಟರ್ ದಾಟಿದ ಮೇಲೆ ಮೆಲ್ಲಗೆ ಎದ್ದು ನಿಂತಿತು. ಜನ ಬಿದ್ದು ಬಿದ್ದು ನಕ್ಕರು.

ಅವಳು ಎಂಜಿನ್ ಬಂದ್ ಮಾಡಿ, ಅಲಗು ಪೂರ್ತಿ ನಿಲ್ಲುವವರೆಗೆ ಕಾದು, ಕೆಳಗೆ ಬಗ್ಗಿದಳು.

"ಬಾಷಾಸಾಬ, ನಾನಽ ಅಲಗು ತೆಳಗಮ್ಯಾಲ ಹಾಕೇನಿ. ಮಸದ ಬಾಯಿ ಹಿಂದಾಗೇತಿ!"

"ಅದಕ್ಕಽ ಹುಲ್ಲಿಗೆ ಬರೇ ಬೆನ್ನ ಬಡ್ಯಾಕತ್ತೇತ್ರಿ ಅಕ್ಕಾರ," ಎಂದು ಬಾಷಾಸಾಬನೂ ನಕ್ಕ.

ತಿರುಗಿಸಿ ಹಾಕಿದರು. ಈ ಸಲ ಹಸಿ ಹುಲ್ಲಿನ ವಾಸನೆ ಮೊದಲು ಬಂತು. ಆಮೇಲೆ ಟ್ರ್ಯಾಕ್ಟರಿನ ಹಿಂದೆ ಜಮಖಾನೆ ಹಾಸಿದಂಥ ಪಟ್ಟೆ ಕಂಡಿತು. ಶಂಕ್ರಪ್ಪ ಚಪ್ಪಲಿ ಬಿಟ್ಟು ಅದರ ಮೇಲೆ ನಡೆದು ನೋಡಿದ. ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ:

"ಇನ್ನೊಂದ ಸುತ್ತ ನಾ ಹೊಡೀಲೇನು?"

"ಹೊಡೀರಿ. ಕಲ್ಲ ಕಂಡ್ರ ಈ ಹಿಡಿಕಿ ಎಳದ ಮ್ಯಾಲ ಎತ್ರಿ, ಮತ್ತ."

ಮರುವರ್ಷ ಮಳೆ ನಿಂತ ಮೇಲೆ ಯಮನೂರಿನವರೂ ದರ್ಗಾದ ಬಯಲಿನ ಹುಲ್ಲು ಕೊಯ್ಯಲು ಅವಳನ್ನು ಕರೆಸಿದರು. ಟ್ರ್ಯಾಕ್ಟರ್ ಅಲ್ಲಿಗೆ ಮುಟ್ಟಲು ಬೆಳಗಿನಿಂದ ಮಧ್ಯಾಹ್ನವಾಯಿತು. ದಾರಿಯ ಪ್ರತಿ ಊರಲ್ಲೂ ಜನ ನಿಲ್ಲಿಸಿ, ಬಗ್ಗಿ, ಅದರ ಹೊಟ್ಟೆಯ ಕೆಳಗೆ ಇಣುಕಿದರು.