ತಪಲೆಯ ಕೆಳಗಿನ ಹಸಿರು ಬೆಂಕಿ

ಡೊಂಬಿವಲಿಯ ನಮ್ಮ ಮನೆಗೆ ಗ್ಯಾಸ್ ಬಂದದ್ದು ನಾನು ಬಸುರಿಯಾಗಿದ್ದ ವರ್ಷ. ಹೆಸರು ಬರೆಸಿ ವರ್ಷಗಟ್ಟಲೆ ಕಾದಿದ್ದ ಸಿಲಿಂಡರು ಅರಿಸಿನ ಕುಂಕುಮ ಹಚ್ಚಿಸಿಕೊಂಡೇ ಒಳಗೆ ಬಂತು. ನನಗೆ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನಕ್ಕೆಂದು ಅತ್ತೆ ಉಡುಪಿಯಿಂದ ತಿಂಗಳುಗಳ ಮೊದಲೇ ಬಂದಿಳಿದಿದ್ದರು, ಜೊತೆಗೆ ತಮ್ಮ ತಾಮ್ರದ ತಪಲೆಯನ್ನೂ ತಂದಿದ್ದರು. ಗ್ಯಾಸಿನ ನೀಲಿ ಉರಿ ನೋಡಿ, "ಮಸಿಯೇ ಇಲ್ಲ ಮಾರಾಯ್ತಿ!" ಎಂದು ಹಿಗ್ಗಿದ್ದರು.

ಆ ಹಿಗ್ಗು ವಾರವೂ ಬಾಳಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಕೂಗು ಕೇಳಿ ಓಡಿದೆ. ಸ್ನಾನದ ನೀರಿಗೆಂದು ಇಟ್ಟಿದ್ದ ತಪಲೆಯ ಕೆಳಗೆ ಬೆಂಕಿ ಹಸಿರಾಗಿತ್ತು. ಅಲ್ಲಲ್ಲಿ ಹಳದಿ ಬೆರೆತ ಗಿಳಿಹಸಿರು! ಹೆದರಿಕೆಗಿಂತ ಮೊದಲು ನನಗೆ ಖುಷಿಯೇ ಆಯಿತು, ಅಷ್ಟು ಚಂದ ಇತ್ತು.

ಅತ್ತೆ ಮಾತ್ರ ಬಾಗಿಲ ಹಿಂದೆ ತೂಗುತ್ತಿದ್ದ ನನ್ನ ಸೀರೆಯನ್ನು ದುರುಗುಟ್ಟಿ ನೋಡುತ್ತಿದ್ದರು. ಥಾಣೆಯ ಆಚೆ, ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಕಂಪನಿಯ ಲ್ಯಾಬಿನಲ್ಲಿ ನನಗೆ ಕೆಲಸ. ಹಿಂದಿನ ದಿನ ಅಲ್ಲಿಗೆ ಉಟ್ಟುಹೋಗಿದ್ದ ಸೀರೆ ಅದು.

"ಅಲ್ಲಿಯ ವಿಷ ಮನೆಯೊಳಗೆ ಬಂದಿದೆ. ಬೆಂಕಿಯೇ ಹೇಳ್ತಾ ಉಂಟಲ್ಲ! ಹೊಟ್ಟೆಯಲ್ಲಿ ಒಂದು ಜೀವ ಉಂಟು ನಿನಗೆ. ನಾಳೆಯಿಂದ ಹೋಗುದು ಬೇಡ."

"ಅಮ್ಮ ಹೇಳುದರಲ್ಲೂ ಅರ್ಥ ಉಂಟು," ಎಂದರು ನನ್ನ ಗಂಡ, ಪೇಪರಿನ ಮರೆಯಿಂದಲೇ. ನನಗೆ ಮೈಯೆಲ್ಲ ಉರಿದುಹೋಯಿತು. ಹಟ ಹಿಡಿದು ಬಿಎಸ್ಸಿ ಓದಿ ಸಂಪಾದಿಸಿದ ಕೆಲಸ ಅದು. ಒಮ್ಮೆ ಬಿಟ್ಟರೆ ಮತ್ತೆ ಸಿಗುತ್ತಿರಲಿಲ್ಲ.

ಬೆಂಕಿಗೆ ಹಿಡಿದರೆ ತಾಮ್ರ ಹಸಿರು, ಉಪ್ಪು ಹಳದಿ, ಸುಣ್ಣ ಕೆಂಪು ಎಂದು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದು ಆಗ ನೆನಪಾಯಿತು.

"ಅತ್ತೆ, ತಪಲೆ ಎಂತದರಲ್ಲಿ ತಿಕ್ಕಿದಿರಿ?"

"ಹುಣಸೆಹುಳಿ, ಉಪ್ಪು. ಮತ್ತೆಂತದರಲ್ಲಿ ತಿಕ್ಕುದು?"

"ಚೆನ್ನಾಗಿ ತೊಳೆದಿರಾ?"

"ತೊಳೀಲಿಕ್ಕೆ ನೀರೆಲ್ಲಿ ಉಂಟು ನಿಮ್ಮ ಈ ಊರಲ್ಲಿ? ಒಂದು ಚೆಂಬು ಚಿಮುಕಿಸಿದೆ, ಅಷ್ಟೇ."

ಅಲ್ಲಿಗೆ ಗುಟ್ಟು ರಟ್ಟಾಯಿತು. ಉಡುಪಿಯಲ್ಲಾದರೆ ಬಾವಿಯಿಂದ ಸೇದಿ ಸೇದಿ ಹೊಯ್ಯುತ್ತಿದ್ದರು. ಇಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ಬರುವ ನಲ್ಲಿ. ಹುಳಿ, ಉಪ್ಪು ಸೇರಿ ಕರಗಿಸಿದ ತಾಮ್ರ ತಪಲೆಯ ತಳದ ಹೊರಮೈಯಲ್ಲೇ ಉಳಿದು ಉರಿಗೆ ಬಣ್ಣ ಕೊಟ್ಟಿತ್ತು. ನನ್ನ ಸ್ನಾನದ ನೀರನ್ನೇ ಸುರಿದು ತಪಲೆ ತೊಳೆದು ಒರೆಸಿ ಮತ್ತೆ ಒಲೆಗಿಟ್ಟೆ. ಉರಿ ಮೊದಲಿನಂತೆ ನೀಲಿಯಾಯಿತು.

ಅತ್ತೆ ಸೋಲೊಪ್ಪಲಿಲ್ಲ. ಆದರೆ ಅವರಿಗೆ ಕುತೂಹಲ ಹತ್ತಿಕೊಂಡಿತು. ತಪಲೆ ಇಳಿಸಿ ಉರಿಯ ಮೇಲೆ ಚಿಟಿಕೆ ಉಪ್ಪು ಉದುರಿಸಿದರು: ಹಳದಿ. ಎಲೆಅಡಿಕೆ ಡಬ್ಬಿಯ ಒಣಗಿದ ಸುಣ್ಣ ಹಾಕಿದರು: ಇಟ್ಟಿಗೆ ಕೆಂಪು ಒಂದಿಷ್ಟು ಮಿಣುಕಿತು.

"ಒಂದೇ ಬೆಂಕಿ. ಬಣ್ಣ ಬೇರೆ ಬೇರೆ ಯಾಕೆ?"

ಪರೀಕ್ಷೆಯಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ನಮ್ಮ ಬಿಲ್ಡಿಂಗಿನ ಮೆಟ್ಟಿಲನ್ನೇ ಉದಾಹರಣೆಯಾಗಿಟ್ಟುಕೊಂಡು ಹೇಳತೊಡಗಿದೆ. ಪ್ರತಿ ವಸ್ತುವಿನ ಒಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿವೆ, ಅವಕ್ಕೂ ಮೆಟ್ಟಿಲುಗಳಿವೆ. ಬಿಸಿ ತಾಗಿದರೆ ಮೇಲಿನ ಮೆಟ್ಟಿಲಿಗೆ ಹಾರುತ್ತವೆ. ಅಲ್ಲಿ ನಿಲ್ಲಲಾಗದೆ ಕೆಳಗೆ ಬೀಳುವಾಗ, ಪಡೆದದ್ದನ್ನು ಬೆಳಕಾಗಿ ಬಿಟ್ಟುಕೊಡುತ್ತವೆ. ಮೆಟ್ಟಿಲಿನ ಎತ್ತರ ಉಪ್ಪಿನಲ್ಲಿ ಒಂದು, ತಾಮ್ರದಲ್ಲಿ ಇನ್ನೊಂದು. ಬಿದ್ದ ಎತ್ತರ ಎಷ್ಟೋ ಅದಕ್ಕೆ ತಕ್ಕ ಬಣ್ಣ.

"ಅಂದ್ರೆ ಬೆಂಕಿಗೆ ಹಿಡಿದರೆ ಯಾವುದರಲ್ಲಿ ಎಂತ ಉಂಟು ಅಂತ ಗೊತ್ತಾಗ್ತದೆ?"

"ಹೌದು ಅತ್ತೆ," ಎಂದೆ ಜಂಬದಿಂದ.

"ಹಾಗಾದ್ರೆ ನಿನ್ನ ಸೀರೆ ನೋಡುವ."

ಹಿಂದಿನ ದಿನವಷ್ಟೇ ಲ್ಯಾಬಿನಲ್ಲಿ ಮೈಲುತುತ್ತ ತೂಗಿದ್ದೆ. ಅದರೊಳಗಿರುವುದೂ ತಾಮ್ರವೇ. ಸೆರಗಿಗೆ ಒಂದಿಷ್ಟು ಪುಡಿ ತಾಗಿದ್ದರೂ ಸಾಕಿತ್ತು, ಉರಿ ಹಸಿರಾಗಿ ನನ್ನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟೇ ಅಲ್ಲ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಾನೂ ಮೊದಲ ಸಲ ಹೆದರಿದೆ.

ಅತ್ತೆ ಒಂದು ಬಟ್ಟಲು ನೀರಿನಲ್ಲಿ ಸೆರಗನ್ನು ಅದ್ದಿ ಹಿಂಡಿದರು. ಮೊದಲು ಬರೀ ನಲ್ಲಿ ನೀರನ್ನು ಬೆರಳಲ್ಲಿ ಚಿಮುಕಿಸಿ ನೋಡಿದರು. ಉರಿ ಚುಯ್ಯೆಂದು ಒಂದಿಷ್ಟು ಮಿನುಗಿ ಸುಮ್ಮನಾಯಿತು. ಆಮೇಲೆ ಬಟ್ಟಲಿನ ನೀರನ್ನು ಚಿಮುಕಿಸಿದರು.

ಹಳದಿ. ಬುಗ್ಗೆಂದು ಎದ್ದ ದಟ್ಟ ಹಳದಿ. ಮತ್ತೆ ಮತ್ತೆ ಚಿಮುಕಿಸಿದರೂ ಹಸಿರಿನ ಸುಳಿವಿಲ್ಲ.

"ಇದು ಉಪ್ಪಲ್ವಾ? ಸೀರೆಗೆ ಉಪ್ಪು ಎಲ್ಲಿಂದ ಬಂತು?"

"ಬೆವರು ಅತ್ತೆ. ಲೋಕಲ್ ರೈಲಿನಲ್ಲಿ ಥಾಣೆವರೆಗೆ ನಿಂತೇ ಹೋಗುದು."

"ನಿಂತೇ? ಈ ಹೊಟ್ಟೆ ಹೊತ್ತುಕೊಂಡು?"

ಅತ್ತೆ ಗ್ಯಾಸ್ ಆರಿಸಿ ಆ ಸೀರೆಯನ್ನು ಒಣಹಾಕಿದರು. ಕೆಲಸ ಬಿಡುವ ಮಾತು ಮತ್ತೆ ಎತ್ತಲಿಲ್ಲ.

ಮರುದಿನ ನಾನು ಹೊರಟಾಗ ಅವರೂ ಚಪ್ಪಲಿ ಮೆಟ್ಟಿ ಹೊರಟರು. ಬೇಡವೆಂದರೂ ಕೇಳಲಿಲ್ಲ. ಲೇಡೀಸ್ ಡಬ್ಬಿಗೆ ನನ್ನನ್ನು ತಳ್ಳಿ, ತಾವೂ ನುಗ್ಗಿ, ಕೂತಿದ್ದ ಮರಾಠಿ ಹೆಂಗಸಿಗೆ ಅಚ್ಚ ಕನ್ನಡದಲ್ಲೇ, "ಸ್ವಲ್ಪ ಏಳಿ ಮಾರಾಯ್ರೆ, ಬಸುರಿ ಇದ್ದಾಳೆ!" ಎಂದು ಗದರಿದರು. ಆಕೆ ನನ್ನ ಹೊಟ್ಟೆ ನೋಡಿ ಎದ್ದು ಜಾಗ ಕೊಟ್ಟಳು. ನಾನು ಕೂತೆ. ಅತ್ತೆ ನನ್ನ ಮುಂದೆ ಎರಡೂ ಕೈಯಿಂದ ಕಂಬಿ ಹಿಡಿದು, ಬೆನ್ನಲ್ಲೇ ಗರ್ದಿಯನ್ನು ತಡೆದು ನಿಂತರು. ಥಾಣೆ ಬರುವಷ್ಟರಲ್ಲಿ ಅವರ ಸೆರಗು ಪೂರ್ತಿ ಒದ್ದೆಯಾಗಿತ್ತು.