ಮುಲ್ಲಾ ಸರ್ ಕಟ್ಟಿದ ಹನ್ನೆರಡು ಹಗ್ಗ

7 ಫೆಬ್ರವರಿ 1996, ಬುಧವಾರ, ಬೆಳಗ್ಗೆ 10.20.

ಮುಲ್ಲಾ ಸರ್ ಅವರ ಪ್ರಯೋಗ ಕೆಡಿಸಿದವನು ನಾನು. ಹಗ್ಗವಲ್ಲ, ಹುಡುಗರಲ್ಲ — ನಾನು.

ಎರಡು ವರ್ಷದ ಹಿಂದೆ ಅವರು ಚಿಕ್ಕೋಡಿಯ ನಮ್ಮ ಕಾಲೇಜಿನಲ್ಲಿ ಹಂಗಾಮಿ ಉಪನ್ಯಾಸಕರು. ಭೋಜದಿಂದ ಬಸ್ಸಿಗೆ ಬರುತ್ತಿದ್ದರು. ಕಾಲೇಜಿಗೆ ಇದ್ದದ್ದು ಒಂದೇ ಕಂಪ್ಯೂಟರ್. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ನೋಡಬೇಕು, ಮುಟ್ಟುವಂತಿಲ್ಲ. ಇಂಥಲ್ಲಿ ಅವರು, ಹಲವು ಕಂಪ್ಯೂಟರ್‌ಗಳು ಕೂಡಿ ಒಂದೇ ಕೆಲಸ ಮಾಡಬೇಕಾದರೆ ಅವನ್ನು ಹೇಗೆ ಜೋಡಿಸಬೇಕೆಂದು ಕಲಿಸಲು ಹೊರಟರು — ಎತ್ತಿನ ಹಗ್ಗದಿಂದ! ನನಗೆ ಹೇಸಿಗೆ ಬಂತು. ಕಂಪ್ಯೂಟರ್ ಎಂದರೆ ತಂಪು ಕೋಣೆ ಎಂದು ತಿಳಿದಿದ್ದ ಮೂರ್ಖ ನಾನು.

ಮೈದಾನದಲ್ಲಿ ಎಂಟು ಹುಡುಗರೇ ಎಂಟು ಕಂಪ್ಯೂಟರ್. ಬಳೆಯಂತೆ ಸುತ್ತ ಕಟ್ಟಿದರೆ ಒಂದು ಚೀಟಿ ಎದುರಿನವನನ್ನು ಮುಟ್ಟಲು ನಾಲ್ಕು ಸಲ ಕೈ ಬದಲಾಗಬೇಕು. ಪೆಟ್ಟಿಗೆಯ ಎಂಟು ಮೂಲೆಗಳಂತೆ ಒಬ್ಬೊಬ್ಬನಿಗೆ ಮೂರು ಹಗ್ಗ ಕಟ್ಟಿದರೆ ಮೂರೇ ಸಲ; ಒಂದು ಹಗ್ಗ ಇಬ್ಬರ ನಡುವೆ, ಒಟ್ಟು ಹನ್ನೆರಡು. ಎದೆಯ ಮೇಲೆ ರಟ್ಟಿನ ಬಿಲ್ಲೆ, ಸೊನ್ನೆ-ಒಂದುಗಳಲ್ಲಿ: 000, 001, ಹೀಗೆ 111ರವರೆಗೆ; ಹಗ್ಗ ಕೂಡಿಸಿದ ಇಬ್ಬರ ಬಿಲ್ಲೆಗಳಲ್ಲಿ ಒಂದೇ ಅಂಕಿ ಬೇರೆ. ಚೀಟಿ ಬಂದವನು ಅದರ ಮೇಲೆ ಬರೆದ ಬಿಲ್ಲೆಗೆ ತನ್ನದನ್ನು ಹೋಲಿಸಿ, ಬಲಗಡೆಯಿಂದ ಮೊದಲು ಬೇರೆಯಾದ ಒಂದು ಅಂಕಿ ಸರಿಪಡಿಸಿ, ಆ ಬಿಲ್ಲೆಯವನಿಗೆ ಹಗ್ಗದ ಗುಂಟ ದಾಟಿಸಬೇಕು. ಅಷ್ಟೇ.

ವಹಿಯಲ್ಲಿ ಲೆಕ್ಕ ಬರೆಯುವವನು ನಾನು. ತಾಲೀಮಿನ ದಿನ: ಚೀಟಿ 24, ಮುಟ್ಟಿದ್ದು 24.

ಮರುದಿನ ಆಡಳಿತ ಮಂಡಳಿಯವರು ನೋಡಲು ಬಂದರು. ಸರ್ ಅವರನ್ನು ಮುಂದುವರಿಸುವುದೋ ಬಿಡಿಸುವುದೋ ಅಂದೇ ತೀರ್ಮಾನ — ನನಗೆ ಗೊತ್ತಿತ್ತು. ಸರ್ ಹಗ್ಗ ಕಟ್ಟಿದರು. ಬಿಲ್ಲೆ ಚುಚ್ಚಲು ನನಗೆ ಹೇಳಿದರು. 110 ಮತ್ತು 111 — ಇವೆರಡನ್ನು ನಾನು ಅದಲುಬದಲು ಚುಚ್ಚಿದೆ.

111ಕ್ಕೆ ಹೊರಟ ಮೊದಲ ಚೀಟಿ 011ರ ಮಹಾವೀರನ ಕೈಯಲ್ಲಿ ನಿಂತಿತು.

"ಸರ, ನನ್ನ ಹಗ್ಗದ ತುದೀಗೆ ಬ್ಯಾರೇದವ ನಿಂತಾನ್ರೀ."

ಅಧ್ಯಕ್ಷರು — ಕಂಪ್ಯೂಟರಿಗೆ ಹಾರ ಹಾಕಿ ಫೋಟೋ ತೆಗೆಸಿಕೊಂಡದ್ದೇ ಅವರ ವಿದ್ಯೆ — ಹೊಟ್ಟೆ ಕುಣಿಸಿ ನಕ್ಕರು. "ಏನ್ರೀ ಮಾಸ್ತರ, ಕಂಪ್ಯೂಟರ್ ಕಲಸಾಕತ್ತೀರೋ, ದನಾ ಕಟ್ಟಾಕತ್ತೀರೋ?"

ಎಲ್ಲರೂ ನಕ್ಕರು. ನಾನೂ.

ಸರ್ ಹನ್ನೆರಡು ಹಗ್ಗಗಳ ಇಪ್ಪತ್ನಾಲ್ಕು ಗಂಟುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದರು. ತಪ್ಪು ತಮ್ಮದೇ ಎಂದು ನಂಬಿ... ನಾನು ಚುಚ್ಚಿದ ಬಿಲ್ಲೆಗಳತ್ತ ಕಣ್ಣೆತ್ತಲೂ ಇಲ್ಲ. ಕೊನೆಗೆ ನನ್ನ ಕಡೆ ತಿರುಗಿದರು.

"ತಮ್ಮಾ, ನಿನ್ನಿ ಲೆಕ್ಕ ನಿನ್ನ ವಹಿಯಾಗ ಐತಲ್ಲ, ಸಾಹೇಬರಿಗೆ ತೋರಸು."

"ವಹಿ ತಂದಿಲ್ರೀ ಸರ."

ವಹಿ ನನ್ನ ಹೆಗಲ ಚೀಲದಲ್ಲಿತ್ತು.

ಆ ತಿಂಗಳೇ ಅವರನ್ನು ಬಿಡಿಸಿದರು. ಹಗ್ಗ ಹಿಡಿದವರನ್ನು ಕೀಳೆಂದ ನಾನು — ಅವರು ಕಲಿಸಿದ್ದನ್ನೇ ಪರೀಕ್ಷೆಯಲ್ಲಿ ಬರೆದು ಆ ವರ್ಷ ತರಗತಿಗೆ ಮೊದಲಿಗನಾದೆ. ಇಂಥವನನ್ನು ಏನೆಂದು ಕರೆಯಬೇಕೋ —

ಕಳೆದ ತಿಂಗಳು ಭೋಜಕ್ಕೆ ಹೋಗಿದ್ದೆ. ಅವರ ಮನೆಗೆ ಬೀಗ. "ಮಿರಜ ಕಡೆ ಹೋಗ್ಯಾರ," ಎಂದಷ್ಟೇ ನೆರೆಯವರಿಗೆ ಗೊತ್ತು.

ವಹಿಯಲ್ಲಿ ಪ್ರಯೋಗದ ದಿನದ ಪುಟದಲ್ಲಿದೆ: ಚೀಟಿ 1, ಮುಟ್ಟಿದ್ದು 0, ಕಾರಣ — ಅಲ್ಲಿ ಜಾಗ ಖಾಲಿ ಬಿಟ್ಟಿದ್ದೆ. ಇಂದು ಅಲ್ಲಿ ನನ್ನ ಹೆಸರು ಬರೆದೆ. ಇದನ್ನು ಓದಿದವರಲ್ಲಿ ಮುಲ್ಲಾ ಸರ್ ಎಲ್ಲಿದ್ದಾರೆಂದು ಬಲ್ಲವರು ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ವಹಿಯನ್ನು ಈ ಸಲ ನಾನೇ ಒಯ್ಯುತ್ತೇನೆ.